ಜೋಳದ ಹೊಲ ಮತ್ತು ಉಣ್ಣುವವರ ಹೊಣೆ

ಭೂಮಿಯ ಸಾರವನ್ನು ಕಾಯುವ ಹೊಣೆ ರೈತನೊಬ್ಬನದೇ ಎಂಬ ಭಾವನೆ ಸುಶಿಕ್ಷಿತ ಸಮಾಜದಲ್ಲಿ ಬೇರೂರಿದೆ. ಉಣ್ಣುವವರಿಗೂ ಅದರಲ್ಲಿ ಪಾಲುಂಟೆಂಬುದನ್ನು ವಿಜಯಪುರ ಜಿಲ್ಲೆಯ ಹಿಂಗಾರಿ ಜೋಳದ ಬೇಸಾಯವು ಮನಗಾಣಿಸುತ್ತದೆ.

ಡೋಣಿ ಬೆಳೆದರೆ ಓಣಿಯೆಲ್ಲ ಜೋಳವೆಂಬ ಗಾದೆ ಆ ನದಿಯ ಸೀಮೆಯದು. ಅಲ್ಲಿಯ ಎರೆಮಣ್ಣು ಮಳೆನೀರನ್ನು ಬಹುಕಾಲ ಹಿಡಿದಿಡುತ್ತದೆ. ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತಿದ ಬಿಳಿಜೋಳವು ಆ ಹಸಿಯನ್ನೇ ನೆಮ್ಮಿ, ಬಹುಮಟ್ಟಿಗೆ ನೀರಾವರಿಯ ಹಂಗಿಲ್ಲದೆ ತೆನೆಗಟ್ಟುತ್ತದೆ. ನಡುನಡುವೆ ಕಡಲೆ, ಕುಸುಬೆಗಳ ಅಕ್ಕಡಿ ಸಾಲುಗಳನ್ನಿಡುವುದು ಹಿರಿಯರ ಪದ್ಧತಿ. ಕಡಲೆಯ ಬೇರುಗಂಟುಗಳಲ್ಲಿ ನೆಲೆಸಿದ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಸಸ್ಯಕ್ಕೆ ಒದಗಿಸುತ್ತವೆ. ಮುಳ್ಳುಳ್ಳ ಕುಸುಬೆಯು ದನಗಳನ್ನು ತಡೆಯುವ ಬೇಲಿಯೂ ಹೌದು, ಎಣ್ಣೆಯ ಬೆಳೆಯೂ ಹೌದು. ತೆನೆ ಮನುಷ್ಯನಿಗೆ, ಕಣಿಕೆ ಎತ್ತಿಗೆ, ಎತ್ತಿನ ಸಗಣಿ ಮರಳಿ ಹೊಲಕ್ಕೆ. ಹೀಗೆ ಈ ಬೇಸಾಯದ ಚಕ್ರ ತಿರುಗುತ್ತದೆ.

ಈ ಚಕ್ರದ ಒಂದು ಅರೆಕಾಲು ನಮ್ಮ ಗಂಗಾಳದಲ್ಲಿದೆ. ಜೋಳ ಕೊಳ್ಳುವವರು ಕಡಿಮೆಯಾದರೆ ರೈತನು ಪೇಟೆಯಲ್ಲಿ ಬೆಲೆಯುಳ್ಳ ಬೇರೆ ಬೆಳೆಗೆ ತಿರುಗುವುದು ಸಹಜ. ಆಗ ಕಣಿಕೆ ಕಡಿಮೆಯಾಗಿ ದನಗಳನ್ನು ಸಾಕುವುದು ದುಸ್ತರವಾಗುತ್ತದೆ, ದನಗಳಿಲ್ಲದೆ ತಿಪ್ಪೆಗೊಬ್ಬರವಿಲ್ಲ. ರಸಗೊಬ್ಬರವು ಬೆಳೆಗೆ ಪೋಷಕಾಂಶವನ್ನು ಕೊಟ್ಟೀತು. ತಿಪ್ಪೆಗೊಬ್ಬರದಂತೆ ಮಣ್ಣಿಗೆ ಸೇಂದ್ರಿಯ ಪದಾರ್ಥವನ್ನು ಸೇರಿಸಲಾರದು. ಸೇಂದ್ರಿಯಾಂಶ ಕುಂದಿದ ನೆಲದಲ್ಲಿ ಹಸಿಯನ್ನು ಹಿಡಿದಿಡುವ ಶಕ್ತಿಯೂ ಕುಂದುತ್ತದೆ.

ಕರ್ನಾಟಕ ಸರ್ಕಾರವು 2004ರಲ್ಲಿ ಸಾವಯವ ಕೃಷಿ ನೀತಿಯನ್ನು ರೂಪಿಸಿತು. ಭಾರತದ ಪ್ರಸ್ತಾವದಂತೆ ವಿಶ್ವಸಂಸ್ಥೆಯು 2023ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿತು. ಜೋಳವೂ ಆ ಗುಂಪಿಗೆ ಸೇರಿದ ಧಾನ್ಯ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿರುವುದು ಸುಮಾರು 8 ಗ್ರಾಂ ಮಾತ್ರ. ಆದರೆ ನೀತಿಯೂ ಆಚರಣೆಯೂ ಫಲಿಸಬೇಕಾದರೆ ವರ್ಷವರ್ಷವೂ ಕೊಳ್ಳುವ ಕೈಗಳು ಬೇಕು.

ಹತ್ತಿರದಲ್ಲಿ ಬೆಳೆದುದೆಲ್ಲವೂ ಸಾವಯವವೆಂದಲ್ಲ. ಆದರೆ ಹತ್ತಿರದ ಹೊಲವನ್ನು ಕಣ್ಣಾರೆ ನೋಡಬಹುದು. ಯಾವ ಗೊಬ್ಬರ ಹಾಕಿದೆ, ಯಾವ ಔಷಧಿ ಸಿಂಪಡಿಸಿದೆ ಎಂದು ಬೆಳೆದವರನ್ನೇ ವಿಚಾರಿಸಬಹುದು. ಸುಗ್ಗಿಯಲ್ಲಿ ವರ್ಷಕ್ಕೆ ಸಾಲುವಷ್ಟು ಜೋಳವನ್ನು ಯೋಗ್ಯ ಬೆಲೆಗೆ ಕೊಂಡು, ಚೆನ್ನಾಗಿ ಒಣಗಿಸಿ ಕೂಡಿಡುವುದು ನಮ್ಮ ಮನೆತನಗಳಿಗೆ ಹೊಸದೇನಲ್ಲ. ಹಗೇವುಗಳು ಇದ್ದುದೇ ಅದಕ್ಕಾಗಿ. ವಿದ್ಯಾರ್ಥಿನಿಲಯದ ರೊಟ್ಟಿಯುಂಡು ಬೆಳೆದ ಹಳೆಯ ವಿದ್ಯಾರ್ಥಿಗಳೂ, ಧಾನ್ಯದಾನ ಮಾಡುವ ಮಹನೀಯರೂ ಈ ಪದ್ಧತಿಯನ್ನು ಮತ್ತೆ ಕೈಗೊಂಡರೆ, ಅವರ ಕಾಣಿಕೆ ಮಕ್ಕಳ ಹಸಿವನ್ನು ಹಿಂಗಿಸುವುದರ ಜೊತೆಗೆ ನೆರೆಹಳ್ಳಿಯ ಎತ್ತನ್ನೂ ನೆಲವನ್ನೂ ಉಳಿಸೀತು.