ಪ್ರಾಣಿಗಳ ವಂಚನೆ: ತಪ್ಪು ಕಲ್ಪನೆ ಮತ್ತು ಸತ್ಯ

ಒಂದು ಪ್ರಾಣಿಯ ವರ್ತನೆಯಿಂದ ಇನ್ನೊಂದು ಮೋಸಹೋಗಿ, ಮೊದಲನೆಯದಕ್ಕೆ ಲಾಭವಾದರೆ ಜೀವವಿಜ್ಞಾನಿಗಳು ಅದನ್ನು ವಂಚನೆ ಎನ್ನುತ್ತಾರೆ. ಈ ವ್ಯಾಖ್ಯೆಯಲ್ಲಿ ಉದ್ದೇಶದ ಮಾತೇ ಇಲ್ಲ. ಮೋಸದ ಫಲ ಕಂಡಲ್ಲೆಲ್ಲ ಮೋಸದ ಉದ್ದೇಶವೂ ಇದೆಯೆಂದು ಭಾವಿಸುವುದರಿಂದಲೇ ಹೆಚ್ಚಿನ ತಪ್ಪು ಕಲ್ಪನೆಗಳು ಹುಟ್ಟುತ್ತವೆ.

ತಪ್ಪು ಕಲ್ಪನೆ: ಮೋಸ ಮಾಡುವ ಪ್ರಾಣಿ ಬೇಕೆಂದೇ ಮಾಡುತ್ತದೆ.
ಸತ್ಯ: ಕಾಗೆಯ ಗೂಡಿನಲ್ಲೇ ಬೆಳೆದ ಹೆಣ್ಣು ಕೋಗಿಲೆ, ಯಾರೂ ಹೇಳಿಕೊಡದಿದ್ದರೂ, ಮುಂದೆ ಕಾಗೆಯ ಗೂಡಿನಲ್ಲೇ ಮೊಟ್ಟೆ ಇಡುತ್ತದೆ. ಅಮೆರಿಕದ ಫೋಟೂರಿಸ್ ಕುಲದ ಹೆಣ್ಣು ಮಿಂಚುಹುಳವು ಬೇರೆ ಜಾತಿಯ ಗಂಡು ಮಿನುಗಿದಾಗ ಆ ಜಾತಿಯ ಹೆಣ್ಣಿನಂತೆಯೇ ಮಿನುಗಿ, ಹತ್ತಿರ ಬಂದ ಗಂಡನ್ನು ತಿಂದುಬಿಡುತ್ತದೆ. ಇಂಥ ತಂತ್ರಗಳನ್ನು ರೂಪಿಸಿದ್ದು ಸಾವಿರಾರು ತಲೆಮಾರುಗಳ ನಿಸರ್ಗದ ಆಯ್ಕೆ.

ತಪ್ಪು ಕಲ್ಪನೆ: ಗೂಡಿನ ಬಳಿ ರೆಕ್ಕೆ ಎಳೆದುಕೊಂಡು ಕುಂಟುವ ಹಕ್ಕಿ ಗಾಬರಿಯಿಂದ ಹಾಗಾಡುತ್ತದೆ.
ಸತ್ಯ: ನೆಲದ ಮೇಲೆ ಗೂಡು ಮಾಡುವ ಪ್ಲವರ್ ಹಕ್ಕಿಗಳನ್ನು ಅಮೆರಿಕದ ಕರೋಲಿನ್ ರಿಸ್ಟೌ ಗಮನಿಸಿದರು. ಹಕ್ಕಿ ಗೂಡಿನಿಂದ ದೂರದ ದಿಕ್ಕಿಗೇ ಕುಂಟುತ್ತ, ಆಗಾಗ ತಲೆ ತಿರುಗಿಸಿ ನೋಡುತ್ತದೆ. ಬಂದವನು ಹಿಂಬಾಲಿಸದಿದ್ದರೆ ಮತ್ತೆ ಸಮೀಪಕ್ಕೆ ಬಂದು ಇನ್ನಷ್ಟು ಜೋರಾಗಿ ರೆಕ್ಕೆ ಬಡಿಯುತ್ತದೆ. ಗಾಬರಿಯೊಂದರಿಂದಲೇ ಇಷ್ಟು ಹೊಂದಾಣಿಕೆಯನ್ನು ವಿವರಿಸಲಾಗದು.

ತಪ್ಪು ಕಲ್ಪನೆ: ಲೆಕ್ಕದ ಕುದುರೆ ಹಾನ್ಸ್‌ಗೆ ಗಣಿತ ಬರುತ್ತಿತ್ತು, ಇಲ್ಲವೇ ಅದರ ಯಜಮಾನ ಮೋಸಗಾರನಾಗಿದ್ದ.
ಸತ್ಯ: ಎರಡೂ ಅಲ್ಲ. ಬರ್ಲಿನ್‌ನ ವಿಲ್ಹೆಲ್ಮ್ ಫಾನ್ ಓಸ್ಟನ್ ಅವರ ಈ ಕುದುರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1904ರ ತನಿಖಾ ಮಂಡಳಿಗೆ ಯಾವ ಕೈಚಳಕವೂ ಕಾಣಲಿಲ್ಲ. ಆದರೆ ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದಾಗ ಹಾನ್ಸ್ ತಪ್ಪುತ್ತಿತ್ತೆಂದು ಮನೋವಿಜ್ಞಾನಿ ಆಸ್ಕರ್ ಫುಂಗ್ಸ್ಟ್ ತೋರಿಸಿದರು. ಗೊರಸಿನ ಬಡಿತ ಸರಿಯಾದ ಎಣಿಕೆಗೆ ಬಂದೊಡನೆ ಕೇಳಿದವರ ತಲೆ ಅರಿವಿಲ್ಲದೆ ಕೂದಲೆಳೆಯಷ್ಟು ಮೇಲೇಳುತ್ತಿತ್ತು; ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು.

ತಪ್ಪು ಕಲ್ಪನೆ: ಸಂದರ್ಭ ನೋಡಿ ಮೋಸ ಮಾಡುವುದು ವಾನರಗಳಿಗೆ ಮಾತ್ರ ಸಾಧ್ಯ.
ಸತ್ಯ: ಆಫ್ರಿಕದ ಕಲಹಾರಿಯಲ್ಲಿ ಕವಲುಬಾಲದ ಕಾಜಾಣ ಹಕ್ಕಿಯು ಮೀರ್‌ಕ್ಯಾಟ್ ಎಂಬ ಸಣ್ಣ ಸಸ್ತನಿಗಳಿಗೆ ಹದ್ದು ಬಂದಾಗ ನಿಜವಾಗಿಯೇ ಎಚ್ಚರಿಕೆ ಕೊಡುತ್ತದೆ. ಅವುಗಳ ಬಾಯಲ್ಲಿ ಒಳ್ಳೆಯ ಹುಳು ಕಂಡಾಗ ಮಾತ್ರ ಸುಳ್ಳು ಕೂಗು ಹಾಕುತ್ತದೆ. ಅವು ಬಿಟ್ಟು ಓಡಿದ್ದನ್ನು ಎತ್ತಿಕೊಳ್ಳುತ್ತದೆ. ಒಂದೇ ಕೂಗಿಗೆ ಅವು ಜಗ್ಗದಿದ್ದರೆ ಬೇರೆ ಪ್ರಾಣಿಯ ಕೂಗನ್ನು ಅನುಕರಿಸುತ್ತದೆ. ಟಾಮ್ ಫ್ಲವರ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪ್ರಕಟಿಸಿದರು.

ತಪ್ಪು ಕಲ್ಪನೆ: ಹಾಗಾದರೆ ಹೀಗೆ ಮೋಸ ಮಾಡುವ ಪ್ರಾಣಿಗಳಿಗೆ ಎದುರಿನ ಪ್ರಾಣಿಯ ಮನಸ್ಸು ತಿಳಿಯುತ್ತದೆ.
ಸತ್ಯ: ಹಾಗೆಂದು ಇನ್ನೂ ಸಾಬೀತಾಗಿಲ್ಲ. ಸರಳ ಕಾರಣ ಸಾಕಾಗುವಲ್ಲಿ ದೊಡ್ಡ ಬುದ್ಧಿಯನ್ನು ಆರೋಪಿಸಬಾರದೆಂದು ಮನೋವಿಜ್ಞಾನಿ ಲಾಯ್ಡ್ ಮಾರ್ಗನ್ 1894ರಲ್ಲೇ ಹೇಳಿದ್ದರು. ಕಾಜಾಣಕ್ಕೆ ಸೋತ ಕೂಗನ್ನು ಬಿಟ್ಟು ಹೊಸದನ್ನು ಹಿಡಿಯುವ ಕಲಿಕೆಯಷ್ಟೇ ಸಾಕಾಗಬಹುದು. ಸ್ಕ್ರಬ್ ಜೇ ಹಕ್ಕಿಯ ವಿಷಯ ಅಷ್ಟು ಸುಲಭವಲ್ಲ. ಆಹಾರ ಬಚ್ಚಿಡುವಾಗ ಇನ್ನೊಂದು ಹಕ್ಕಿ ನೋಡುತ್ತಿದ್ದರೆ, ಬಚ್ಚಿಟ್ಟ ಹಕ್ಕಿ ಆಮೇಲೆ ಒಂಟಿಯಾಗಿದ್ದಾಗ ಆಹಾರದ ಜಾಗ ಬದಲಿಸುತ್ತದೆ. ಹಾಗೆ ಮಾಡಿದ್ದು ಹಿಂದೆ ತಾವೇ ಕದ್ದ ಅನುಭವವಿದ್ದ ಹಕ್ಕಿಗಳು ಎಂದು ಎಮೆರಿ ಮತ್ತು ಕ್ಲೇಟನ್ 2001ರಲ್ಲಿ ತೋರಿಸಿದರು.