ಹಿರಿಯರ ಕಾರಿಗೆ ಮತ್ತೆ ಬೆಳಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಹಳೆಯ ಅಂಬಾಸಿಡರ್ ಅಥವಾ ಫಿಯೆಟ್ ಕಾರೊಂದು ಕೊಟ್ಟಿಗೆಯ ಬದಿಯಲ್ಲಿ ನಿಂತಿರುವುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಉಂಡೆ ಕೊಬ್ಬರಿಗೆ ಒಳ್ಳೆಯ ಧಾರಣೆ ದೊರೆತ ವರ್ಷದಲ್ಲಿ ಹಿರಿಯರು ಕೊಂಡ ವಾಹನವದು. ಮದುವೆಯ ದಿಬ್ಬಣಕ್ಕೆ, ಎಡೆಯೂರಿನ ಜಾತ್ರೆಗೆ, ಅಪರಾತ್ರಿಯಲ್ಲಿ ಗರ್ಭಿಣಿಯನ್ನು ತುಮಕೂರಿನ ಆಸ್ಪತ್ರೆಗೆ ಒಯ್ಯುವುದಕ್ಕೆ ಊರಿಗೆಲ್ಲ ಒದಗಿದ್ದುದೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರನ್ನು ತಯಾರಿಸಲು ತೊಡಗಿದ್ದು 1957ರಲ್ಲಿ, ನಿಲ್ಲಿಸಿದ್ದು 2014ರಲ್ಲಿ. ಗುಜರಿಗೆ ಹೋಗಬೇಕಾಗಿದ್ದ ಇಂತಹ ಕಾರುಗಳನ್ನು ಈಗ ಮೊಮ್ಮಕ್ಕಳು ಹೊರಗೆಳೆದು ಜೀರ್ಣೋದ್ಧಾರ ಮಾಡಿಸುತ್ತಿರುವುದು ಸಂತೋಷದ ಸಂಗತಿಯೇ ಸರಿ.

ಆದರೆ ಬಣ್ಣ ಹೊಡೆಸಿ, ಸೀಟು ಹೊಲಿಸಿ, ಎಂಜಿನ್ ಬಿಚ್ಚಿ ಕಟ್ಟಿಸಿದ ಮೇಲೆ ಕೊನೆಯಲ್ಲಿ ಕಾಡುವುದು ದೀಪ. ಒಂದು ಕಣ್ಣು ಉರಿದರೆ ಇನ್ನೊಂದು ಉರಿಯದು. ಬ್ರೇಕು ತುಳಿದರೆ ಪಾರ್ಕಿಂಗ್ ದೀಪ ಮಿಣುಕುತ್ತದೆ. ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕಲಾಗದು. ಬಿ.ಎಚ್. ರಸ್ತೆಯಲ್ಲಾಗಲಿ, ತುರುವೇಕೆರೆಯಿಂದ ಮಾಯಸಂದ್ರದ ಕಡೆಗಾಗಲಿ ರಾತ್ರಿ ಹೊರಟವರಿಗೆ ಹಿಂದೀಪವಿಲ್ಲದ ತೆಂಗಿನಕಾಯಿ ಟ್ರ್ಯಾಕ್ಟರು ಎದುರಾದರೆ, ಅದನ್ನು ನಾಲ್ಕು ಮಾರು ಮೊದಲೇ ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವೆ ಇರುವುದು ಮನೆಮಂದಿಯ ಪ್ರಾಣ.

ಹಳೆಯ ಬ್ರಿಟಿಷ್ ಕಾರುಗಳಿಗೆ ವಿದ್ಯುತ್ ಉಪಕರಣಗಳನ್ನು ಒದಗಿಸಿದ ಲ್ಯೂಕಾಸ್ ಸಂಸ್ಥೆಯನ್ನು ಅಲ್ಲಿನ ಕಾರುಪ್ರಿಯರು ಕತ್ತಲೆಯ ರಾಜಕುಮಾರನೆಂದು ಹಾಸ್ಯ ಮಾಡುವುದುಂಟು. ನಮ್ಮ ದೃಷ್ಟಿಯಲ್ಲಿ ಆ ಹಾಸ್ಯ ಪೂರ್ತಿ ನ್ಯಾಯವಾದುದಲ್ಲ. ಅರ್ಧ ಶತಮಾನದ ತುಕ್ಕು, ಕಿಲುಬುಗಳ ಲೆಕ್ಕವನ್ನು ತಯಾರಕರ ತಲೆಗೆ ಕಟ್ಟುವುದು ಹೇಗೆ?

ಮೊದಲು ಅರಿಯಬೇಕಾದುದು ಅರ್ಥ್ ಎಂಬ ಮಾತನ್ನು. ಬ್ಯಾಟರಿಯಿಂದ ದೀಪಕ್ಕೆ ಒಂದು ತಂತಿ ಹೋಗುತ್ತದೆ. ಹಿಂದಿರುಗುವ ದಾರಿ ಕಾರಿನ ಕಬ್ಬಿಣದ ಮೈಯೇ. ಜೀರ್ಣೋದ್ಧಾರದಲ್ಲಿ ನಡೆಯುವುದೇನೆಂದರೆ, ಪೇಂಟರು ಆ ಮೈಗೆಲ್ಲ ನಾಲ್ಕು ಪದರ ಬಣ್ಣ ಬಳಿಯುತ್ತಾನೆ, ದೀಪದ ಬುಡಕ್ಕೆ ಹೊಸ ರಬ್ಬರು ಕೂರಿಸುತ್ತಾನೆ. ಬಣ್ಣವೂ ರಬ್ಬರೂ ವಿದ್ಯುತ್ತನ್ನು ಹರಿಯಗೊಡವು. ಹಳೆಯ ತುಕ್ಕಿನ ಕಾರಿನಲ್ಲಿ ಉರಿಯುತ್ತಿದ್ದ ದೀಪ ಹೊಸ ಬಣ್ಣದ ಕಾರಿನಲ್ಲಿ ಆರಿಹೋಗುವ ಸೋಜಿಗಕ್ಕೆ ಕಾರಣವಿಷ್ಟೇ. ಬ್ರೇಕು ತುಳಿದಾಗ ಪಾರ್ಕಿಂಗ್ ದೀಪ ಮಂಕಾಗಿ ಹೊತ್ತಿಕೊಳ್ಳುವುದೂ ಇದರಿಂದಲೇ: ಹಿಂದೀಪದ ಅರ್ಥ್ ತಪ್ಪಿದಾಗ ವಿದ್ಯುತ್ತು ಅದೇ ಬಲ್ಬಿನ ಎರಡನೆಯ ತಂತುವಿನ ಮೂಲಕ ಹಿಮ್ಮುಖವಾಗಿ ನುಗ್ಗಿ ಬೇರೆ ದೀಪಗಳ ದಾರಿ ಹಿಡಿಯುತ್ತದೆ. ಪರೀಕ್ಷೆ ಸುಲಭ. ದೀಪದ ಲೋಹದ ಭಾಗದಿಂದ ಬ್ಯಾಟರಿಯ ಅರ್ಥ್ ತುದಿಗೆ ಉದ್ದನೆಯ ತಂತಿಯೊಂದನ್ನು ನೇರವಾಗಿ ಹಿಡಿಯಿರಿ. ದೀಪ ಸರಿಹೋದರೆ ಕಳ್ಳ ಸಿಕ್ಕಿಬಿದ್ದಂತೆ. ಆ ಬೋಲ್ಟಿನ ಬುಡದಲ್ಲಿ ಎರಡಾಣೆಯಗಲದಷ್ಟು ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಕಬ್ಬಿಣ ಹೊಳೆಯುವಂತೆ ಮಾಡಿ ಬಿಗಿದರೆ ಸಾಕು. ಹೊಸ ಬಣ್ಣವನ್ನು ಕೆರೆಯಲು ಮನಸ್ಸು ಬಾರದವರು ಪ್ರತಿ ದೀಪದಿಂದಲೂ ಬೇರೆಯೇ ಒಂದು ಅರ್ಥ್ ತಂತಿಯನ್ನು ಎಳೆಸಬಹುದು.

ಕಿಲುಬು ತೆಗೆಯಲು ಮನೆಯ ಹೆಂಗಸರು ಹಿತ್ತಾಳೆ ಪಾತ್ರೆಗೆ ಬಳಸುವ ಹುಣಿಸೆಹಣ್ಣನ್ನೇ ಹೋಲ್ಡರಿಗೂ ತಿಕ್ಕುವವರಿದ್ದಾರೆ. ಅದು ಬೇಡ, ಹುಳಿಯ ಅಂಶ ಸಂದಿಯಲ್ಲಿ ಉಳಿದು ಮತ್ತೆ ಕಿಲುಬನ್ನೇ ಹುಟ್ಟಿಸುತ್ತದೆ. ತೆಂಗಿನ ಸೀಮೆಯವರೆಂಬ ಅಭಿಮಾನದಿಂದ ಬ್ಯಾಟರಿಯ ತುದಿಗೆ ಕೊಬ್ಬರಿ ಎಣ್ಣೆ ಸವರುವುದೂ ಬೇಡ. ಎಂಜಿನ್ನಿನ ಬಿಸಿಗೆ ಅದು ಸೋರಿಹೋಗುತ್ತದೆ. ಪೆಟ್ರೋಲಿಯಂ ಜೆಲ್ಲಿಯೇ ಯೋಗ್ಯ.

ದೀಪ ಉರಿಯುವುದೇ ಇಲ್ಲವೆಂದಾದರೆ ಇಂಡಿಕೇಟರಿನ ಚಿಕ್ಕ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪೇ ಸಾಕು. ಅದರ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ತುದಿಗೆ ಕಚ್ಚಿಸಿ, ಸ್ವಿಚ್ಚು ಹಾಕಿ, ಇನ್ನೊಂದನ್ನು ಹೋಲ್ಡರಿಗೆ ಮುಟ್ಟಿಸಬೇಕು. ಹೊತ್ತಿದರೆ ಕರೆಂಟು ಅಲ್ಲಿಯವರೆಗೆ ಬಂದಿದೆ, ದೋಷ ಬಲ್ಬಿನಲ್ಲೋ ಅರ್ಥಿನಲ್ಲೋ ಇದೆ. ಹೊತ್ತದಿದ್ದರೆ ಹಿಂದಕ್ಕೆ ನಡೆಯಬೇಕು: ಡಿಪ್ ಸ್ವಿಚ್ಚು, ದೀಪದ ಸ್ವಿಚ್ಚು, ಫ್ಯೂಸು. ಹಳೆಯ ಅಂಬಾಸಿಡರುಗಳಲ್ಲಿ ಡಿಪ್ ಸ್ವಿಚ್ಚು ಎಡಗಾಲಿನ ಬಳಿ ನೆಲದಲ್ಲಿತ್ತು. ತೋಟದಿಂದ ಬಂದ ಕೆಸರುಗಾಲು ನೇರವಾಗಿ ಅದರ ಮೇಲೆ! ಲ್ಯೂಕಾಸ್ ಪದ್ಧತಿಯ ವೈರಿಂಗ್‌ನಲ್ಲಿ ಬಣ್ಣಗಳು ದಾರಿ ತೋರುತ್ತವೆ: ಕಂದು ಬ್ಯಾಟರಿಯಿಂದ ಸದಾ ಜೀವಂತ, ನೀಲಿ ಹೆಡ್‌ಲೈಟಿಗೆ, ನೀಲಿಯಲ್ಲಿ ಬಿಳಿ ಗೆರೆ ಬ್ರೈಟಿಗೆ, ಕೆಂಪು ಗೆರೆ ಡಿಮ್ಮಿಗೆ, ಬರೀ ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ಥಿಗೆ. ಹಳೆಯ ತಂತಿಯಲ್ಲಿ ಬಣ್ಣ ಮಾಸಿದ್ದರೆ ಹಿಡಿಕೆಯೊಳಗೆ ಅಡಗಿದ ಭಾಗವನ್ನು ಬಿಚ್ಚಿ ನೋಡಿದರೆ ತಿಳಿಯುತ್ತದೆ.

ದೀಪ ಉರಿದರೂ ಮಂಕು ಎಂಬ ದೂರೇ ಹೆಚ್ಚು. ಇಲ್ಲಿ ಸ್ವಲ್ಪ ಲೆಕ್ಕ ಅವಶ್ಯ. 45 ವ್ಯಾಟಿನ ಎರಡು ಬಲ್ಬುಗಳು 12 ವೋಲ್ಟಿನಲ್ಲಿ 7.5 ಆಂಪಿಯರ್ ಎಳೆಯುತ್ತವೆ. ಸವೆದ ಸ್ವಿಚ್ಚು, ಕಿಲುಬಿನ ಜೋಡಣೆಗಳಲ್ಲಿ ದಾರಿಗುಂಟ 1.2 ವೋಲ್ಟ್ ಸೋರಿಹೋಯಿತೆನ್ನೋಣ. ಅಂದರೆ ಹತ್ತರಲ್ಲೊಂದು ಪಾಲು. ಬೆಳಕೂ ಹತ್ತರಲ್ಲೊಂದು ಪಾಲು ಇಳಿಯುವುದೆಂದು ಭಾವಿಸಿದರೆ ತಪ್ಪು. ತಂತು ತಣ್ಣಗಾದಂತೆ ಬೆಳಕು ಬಹು ಬೇಗ ಕುಗ್ಗುತ್ತದೆ. ಸುಮಾರು ಮೂರರಲ್ಲೊಂದು ಪಾಲೇ ಹೋಗುತ್ತದೆ. ಆದ್ದರಿಂದ ದೊಡ್ಡ ಬಲ್ಬು ತಂದು ಹಾಕುವುದು ಪರಿಹಾರವಲ್ಲ, ಹಳೆಯ ಸ್ವಿಚ್ಚನ್ನು ಸುಡುವ ಉಪಾಯ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಜೀವಂತ ತುದಿಗೂ ಇನ್ನೊಂದನ್ನು ಉರಿಯುತ್ತಿರುವ ಬಲ್ಬಿನ ಜೀವಂತ ತುದಿಗೂ ಹಿಡಿದರೆ ದಾರಿಯ ಸೋರಿಕೆ ಎಷ್ಟೆಂದು ನೇರವಾಗಿ ತೋರುತ್ತದೆ. ಅರ್ಥಿನ ಕಡೆಯೂ ಹಾಗೆಯೇ ಅಳೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ಜೋಡಣೆಗಳನ್ನು ಒಂದೊಂದಾಗಿ ಶುಚಿಗೊಳಿಸಬೇಕು. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ನಡುವೆ ರಿಲೇ ಕೂರಿಸಿದರೆ ಹಳೆಯ ಸ್ವಿಚ್ಚಿಗೆ ಭಾರವೂ ತಪ್ಪುತ್ತದೆ. ಡೈನಮೋ ಇರುವ ಕಾರಿನಲ್ಲಿ ಎಂಜಿನ್ ನಿಧಾನವಾದಾಗ ದೀಪ ಕುಗ್ಗಿ, ಆಕ್ಸಿಲರೇಟರ್ ಒತ್ತಿದಾಗ ಹಿಗ್ಗುವುದು ಮಾತ್ರ ಸಹಜಗುಣ. ಅದಕ್ಕೆ ಹಣ ಸುರಿಯಬೇಕಾಗಿಲ್ಲ.

ನಮ್ಮ ಸೀಮೆಗೆ ವಿಶೇಷವಾದ ಶತ್ರುವೊಂದಿದೆ. ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕಾಯಿ ಒಣಗುವ ಮನೆಯಲ್ಲಿ ಇಲಿಯಿಲ್ಲದೆ ಇರುವುದುಂಟೆ? ಅಟ್ಟದ ಕೆಳಗೆ ವರ್ಷಗಟ್ಟಲೆ ನಿಂತ ಕಾರಿನ ನೂಲು ಹೊದಿಕೆಯ ತಂತಿಗಳು ಅವುಗಳ ಹಲ್ಲಿಗೆ ಒಳ್ಳೆಯ ಆಹಾರ. ಬೆತ್ತಲಾದ ತಂತಿ ಮೈಗೆ ತಗುಲಿದರೆ ಫ್ಯೂಸು ಹಾರುತ್ತದೆ. ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಹೆಡ್‌ಲೈಟಿನ ದಾರಿಗೆ ಫ್ಯೂಸೇ ಇರಲಿಲ್ಲವಾದ್ದರಿಂದ ಅಲ್ಲಿ ಹಾರುವುದು ಫ್ಯೂಸಲ್ಲ, ಹೊತ್ತುವುದು ವೈರಿಂಗು. ಒಣಗಿದ ತೆಂಗಿನ ಸಿಪ್ಪೆಯ ರಾಶಿಯ ಪಕ್ಕದಲ್ಲಿ ಕಾರು ನಿಲ್ಲಿಸುವ ಮನೆಯವರು ಇದನ್ನು ಲಘುವಾಗಿ ಎಣಿಸಬಾರದು. ಫ್ಯೂಸಿನ ಬದಲು ಸಿಗರೇಟಿನ ಬೆಳ್ಳಿ ಕಾಗದ ಸುತ್ತುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಫ್ಯೂಸಿನ ಸ್ಥಾನದಲ್ಲಿ ಹೆಡ್‌ಲೈಟ್ ಬಲ್ಬೊಂದನ್ನು ಜೋಡಿಸಿ, ಆ ದಾರಿಯ ಬಲ್ಬುಗಳನ್ನೆಲ್ಲ ಕಳಚಿ ಸ್ವಿಚ್ಚು ಹಾಕಿದರೆ, ಶಾರ್ಟ್ ಇರುವವರೆಗೂ ಆ ಬಲ್ಬು ಪ್ರಖರವಾಗಿ ಉರಿಯುತ್ತದೆ. ಕವಲುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗಿ, ಬಲ್ಬು ಆರಿದ ಕವಲಿನಲ್ಲಿ ಇಲಿಯ ಹಲ್ಲನ್ನು ಹುಡುಕಬೇಕು.

ಬ್ಯಾಟರಿ ಕೂಡಿಸುವ ಮುನ್ನ ಇನ್ನೊಂದು ಎಚ್ಚರ: ಹಳೆಯ ಬ್ರಿಟಿಷ್ ಮಾದರಿಗಳಲ್ಲಿ ಪಾಸಿಟಿವ್ ತುದಿಯೇ ಅರ್ಥ್ ಆಗಿರುವುದುಂಟು. ಮಾಮೂಲಿ ಬಲ್ಬಿಗೆ ಇದರಿಂದ ಭೇದವಿಲ್ಲ. ಎಲ್‌ಇಡಿ ದೀಪ, ಹೊಸ ರೇಡಿಯೋಗಳು ಮಾತ್ರ ಉಳಿಯವು.

ಐವತ್ತು ವರ್ಷ ಮೀರಿದ, ಮೂಲರೂಪ ಉಳಿದ ವಾಹನಗಳಿಗೆ ಕೇಂದ್ರ ಸರ್ಕಾರವು 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಕಾರುಗಳನ್ನು ಒಮ್ಮೆ ನೋಡಿಬಂದರೆ ಮೂಲ ದೀಪಗಳ ಅಂದ ಎಂತಹುದೆಂದು ಮಕ್ಕಳಿಗೂ ಮನವರಿಕೆಯಾದೀತು.

ಎಲ್ಲವೂ ಉರಿಯತೊಡಗಿದ ಮೇಲೆ ಕತ್ತಲಾದಾಗ ಕಾರನ್ನು ಕೊಬ್ಬರಿ ಗೋದಾಮಿನ ಗೋಡೆಗೆ ಎದುರಾಗಿ, ಸಮತಟ್ಟಾದ ನೆಲದಲ್ಲಿ, ಇಪ್ಪತ್ತೈದು ಅಡಿ ದೂರ ನಿಲ್ಲಿಸಿ. ದೀಪಗಳ ನಡುಭಾಗದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಡಿಮ್ ಹಾಕಿದರೆ, ಬೆಳಕಿನ ತಲೆ ಆ ಗೆರೆಗಿಂತ ಕೆಳಗೆ, ಎಡಕ್ಕೆ ವಾಲಿ ಬೀಳಬೇಕು. ಬಲಕ್ಕೆ ಬಿದ್ದರೆ ಎದುರಿನವನ ಕಣ್ಣು ಕುಕ್ಕುತ್ತದೆ. ದೀಪದ ಅಂಚಿನ ಸ್ಕ್ರೂಗಳನ್ನು ತಿರುಗಿಸಿ ಸರಿಪಡಿಸಿಕೊಂಡು ಆಮೇಲೆ ರಸ್ತೆಗಿಳಿಸಿ.