ಸಮೀಕ್ಷೆಗೆ ಕಾಣುವ ವಿದ್ಯಾರ್ಥಿ, ಕಾಣದ ವಿದ್ಯಾರ್ಥಿ

‘ಅಂಗೈ ಹುಣ್ಣಿಗೆ ಕನ್ನಡಿ ಏಕೆ?’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಗಾದೆ. ವಿದ್ಯಾರ್ಥಿಗಳ ಸಮೀಕ್ಷೆಯೆಂದೊಡನೆ ಅನೇಕರು ಈ ಗಾದೆಯನ್ನೇ ಮುಂದಿಡುವರು. ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಪುಸ್ತಕ ಕೊಳ್ಳಲು ಹಣವಿಲ್ಲ, ಮನೆಯಲ್ಲಿ ಕುಳಿತು ಓದಲು ಎಡೆಯಿಲ್ಲ. ಇಷ್ಟನ್ನು ತಿಳಿಯಲು ಪ್ರಶ್ನಾವಳಿ ಬೇಕೆ, ಅಂಕಿ-ಅಂಶ ಬೇಕೆ ಎಂಬುದು ಅವರ ವಾದ. ಈ ವಾದದಲ್ಲಿ ತಥ್ಯವಿಲ್ಲದೆ ಇಲ್ಲ. ಆದರೆ ಹುಣ್ಣು ಬೆನ್ನಿನ ಮೇಲಿದ್ದರೆ ಕನ್ನಡಿ ಬೇಕಾಗುತ್ತದೆ. ಶಿಕ್ಷಣದ ಹುಣ್ಣುಗಳಲ್ಲಿ ಹಲವು ಬೆನ್ನಿನ ಮೇಲಿನವೇ ಆಗಿವೆ. ಆ ಕನ್ನಡಿ ಏನನ್ನು ತೋರಿಸುತ್ತದೆ, ಏನನ್ನು ತೋರಿಸದೆ ಬಿಡುತ್ತದೆ, ಮತ್ತು ಜೇವರ್ಗಿಯಂಥ ತಾಲ್ಲೂಕಿನ ವಿದ್ಯಾರ್ಥಿಗಳಾದ ನಮಗೆ ಅದರಿಂದ ಏನು ಪ್ರಯೋಜನ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಸಮೀಕ್ಷೆ ನಮ್ಮ ನಾಡಿಗೆ ಹೊಸದಲ್ಲ. 1822ರಲ್ಲಿ ಮದರಾಸು ಪ್ರಾಂತದ ಗವರ್ನರನಾಗಿದ್ದ ಥಾಮಸ್ ಮನ್ರೋ ತನ್ನ ಜಿಲ್ಲಾ ಕಲೆಕ್ಟರರಿಗೆಲ್ಲ ಒಂದು ಆಜ್ಞೆ ಕಳುಹಿಸಿದನು: ಪ್ರತಿಯೊಂದು ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ ಎಂಬುದನ್ನು ಎಣಿಸಿ ಬರೆಯಬೇಕು. ಆಗ ನಮ್ಮ ಜೇವರ್ಗಿ ನಿಜಾಮನ ಆಡಳಿತದಲ್ಲಿತ್ತು. ಬಳ್ಳಾರಿ ಮಾತ್ರ ಬ್ರಿಟಿಷರ ಕೈಯಲ್ಲಿತ್ತು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ ಆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. 235 ಶಾಲೆಗಳಲ್ಲಿ ಕನ್ನಡವೂ 226 ಶಾಲೆಗಳಲ್ಲಿ ತೆಲುಗೂ ಕಲಿಸಲ್ಪಡುತ್ತಿದ್ದವು. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಅಷ್ಟು ವಿದ್ಯಾರ್ಥಿಗಳಲ್ಲಿ ಹುಡುಗಿಯರು 60 ಮಂದಿ ಮಾತ್ರ.

ಈ ವರದಿಯ ಬೆಲೆ ಅಂಕಿಗಳಲ್ಲಿ ಮಾತ್ರವಿಲ್ಲ. ಶಾಲೆಗಳು ಏಕೆ ಕ್ಷೀಣಿಸುತ್ತಿವೆ ಎಂಬ ಪ್ರಶ್ನೆಯನ್ನೂ ಕ್ಯಾಂಪ್‌ಬೆಲ್ ಎತ್ತಿದ್ದನು. ಜನರು ಬಡವರಾಗುತ್ತಿದ್ದಾರೆ, ಹೊರದೇಶದ ಬಟ್ಟೆ ಬಂದು ಇಲ್ಲಿಯ ನೇಕಾರರ ಕಸುಬು ಕೆಟ್ಟಿದೆ, ಮಕ್ಕಳ ಕೈಗೆ ಸ್ವಲ್ಪ ಬಲ ಬಂದೊಡನೆ ತಾಯ್ತಂದೆಯರಿಗೆ ಅವರ ದುಡಿಮೆ ಬೇಕಾಗುತ್ತದೆ ಎಂದು ಅವನು ಬರೆದನು. ಇನ್ನೂರು ವರ್ಷಗಳ ಹಿಂದಿನ ಈ ಮಾತನ್ನು ಓದುವಾಗ ನಮ್ಮ ತಾಲ್ಲೂಕಿನ ಹತ್ತಿ ಹೊಲಗಳೂ ತೊಗರಿ ರಾಶಿಯೂ ಕಣ್ಣಿಗೆ ಕಟ್ಟುತ್ತವೆ. ಎಷ್ಟು ಮಂದಿ ಎಂದು ಕೇಳುವ ಸಮೀಕ್ಷೆ ಅರ್ಧ ಸಮೀಕ್ಷೆ. ಏಕೆ ಎಂದೂ ಕೇಳಿದಾಗ ಅದು ಪೂರ್ಣವಾಗುತ್ತದೆ.

ಇನ್ನು ಸಮೀಕ್ಷೆ ನಡೆಯುವ ರೀತಿಯನ್ನು ನೋಡೋಣ. ಜನಗಣತಿಯ ಹಾಗೆ ಪ್ರತಿಯೊಬ್ಬರನ್ನೂ ಎಣಿಸಲು ಎಲ್ಲ ಸಂದರ್ಭದಲ್ಲಿಯೂ ಸಾಧ್ಯವಿಲ್ಲ. ಆದ್ದರಿಂದ ಕೆಲವರನ್ನು ಆಯ್ದು ಕೇಳಿ, ಅವರಿಂದ ಎಲ್ಲರ ಸ್ಥಿತಿಯನ್ನು ಊಹಿಸುವರು. ಇದು ನಮ್ಮ ಬಜಾರಿನ ರೈತರಿಗೆ ಗೊತ್ತಿರುವ ವಿದ್ಯೆಯೇ. ತೊಗರಿಯ ಚೀಲವನ್ನೆಲ್ಲ ನೆಲಕ್ಕೆ ಸುರುವದೆ, ಒಂದು ಹಿಡಿ ಕಾಳು ತೆಗೆದು ನೋಡಿ ವ್ಯಾಪಾರಿಯು ಬೆಲೆ ಕಟ್ಟುತ್ತಾನೆ. ಆದರೆ ಚೀಲದ ಬಾಯಿಯ ಬಳಿಯ ಕಾಳನ್ನಷ್ಟೇ ನೋಡಿದರೆ ಮೋಸ ಹೋಗುವ ಸಂಭವವುಂಟು. ಮೇಲಿನಿಂದಲೂ ನಡುವಿನಿಂದಲೂ ತಳದಿಂದಲೂ ಕಾಳು ಬಂದರೆ ಆ ಹಿಡಿ ನಿಜವಾದ ಮಾದರಿ ಎನಿಸುತ್ತದೆ.

ಪ್ರಥಮ್ ಎಂಬ ಸಂಸ್ಥೆ 2005ರಿಂದ ನಡೆಸುತ್ತಿರುವ ‘ಅಸರ್’ ಸಮೀಕ್ಷೆ ಈ ತತ್ತ್ವವನ್ನು ಚೆನ್ನಾಗಿ ಪಾಲಿಸಿದೆ. ಜಿಲ್ಲೆಯೊಂದಕ್ಕೆ 30 ಹಳ್ಳಿ, ಹಳ್ಳಿಯೊಂದಕ್ಕೆ 20 ಮನೆ ಎಂಬುದು ಅದರ ಸಾಮಾನ್ಯ ಕ್ರಮ. ಕಾರ್ಯಕರ್ತರು ಶಾಲೆಯಲ್ಲಿ ನಿಲ್ಲದೆ ಮನೆಯ ಬಾಗಿಲಿಗೆ ಹೋಗಿ, ಒಂದೊಂದು ಮಗುವಿನ ಕೈಯಲ್ಲೂ ಅಕ್ಷರ, ಪದ, ಸಣ್ಣ ಪರಿಚ್ಛೇದ, ಎರಡನೆಯ ಇಯತ್ತೆಯ ಕಥೆ ಇರುವ ಹಾಳೆ ಕೊಟ್ಟು ಓದಿಸುತ್ತಾರೆ. ಮನೆಗೇ ಹೋಗುವುದರ ಮಹತ್ತ್ವವನ್ನು ಗಮನಿಸಬೇಕು. ಶಾಲೆಯಲ್ಲಿ ಮಾಡಿದ ಎಣಿಕೆಗೆ ಶಾಲೆ ಬಿಟ್ಟ ಮಗು ಸಿಕ್ಕುವುದಿಲ್ಲ; ಮನೆಯಲ್ಲಿ ಮಾಡಿದ ಎಣಿಕೆಗೆ ಸಿಕ್ಕುತ್ತದೆ.

ಈ ಸಮೀಕ್ಷೆಗಳಿಂದ ತಿಳಿದುಬಂದುದೇನು? ಮುಖ್ಯವಾಗಿ ಮೂರು ಸಂಗತಿಗಳನ್ನು ಹೇಳಬಹುದು.

ಮೊದಲನೆಯದು, ಹೆಸರು ದಾಖಲಾಗುವುದು ಬೇರೆ, ವಿದ್ಯೆ ದಕ್ಕುವುದು ಬೇರೆ. 2023ರಲ್ಲಿ ಅಸರ್ ಸಮೀಕ್ಷೆಯು 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವಯಸ್ಸಿನ 34,745 ಮಂದಿ ತರುಣ-ತರುಣಿಯರನ್ನು ಕಂಡು ಮಾತನಾಡಿಸಿತು. ಅವರಲ್ಲಿ ಶೇಕಡಾ 86.8 ಮಂದಿ ಯಾವುದಾದರೊಂದು ವಿದ್ಯಾಸಂಸ್ಥೆಯಲ್ಲಿ ದಾಖಲಾಗಿದ್ದರು. ಇದು ಸಂತೋಷದ ವಿಷಯವೇ. ಆದರೆ ನಾಲ್ವರಲ್ಲಿ ಒಬ್ಬರಿಗೆ ತಮ್ಮ ಭಾಷೆಯಲ್ಲಿರುವ ಎರಡನೆಯ ಇಯತ್ತೆಯ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಾರದೆ ಹೋಯಿತು. ಹನ್ನೊಂದನೆಯ ತರಗತಿ ಮತ್ತು ಅದಕ್ಕಿಂತ ಮೇಲೆ ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮಂತೆ ಕಲಾ ವಿಭಾಗದವರೆಂಬುದನ್ನೂ ಅದೇ ವರದಿ ತಿಳಿಸುತ್ತದೆ. ಆದುದರಿಂದ ಈ ಅಂಕಿಗಳನ್ನು ಇನ್ನಾರದೋ ಕಥೆಯೆಂದು ನಾವು ತಳ್ಳಿಹಾಕುವಂತಿಲ್ಲ.

ಎರಡನೆಯದು, ಸರಾಸರಿ ಎಂಬುದು ಒಂದು ಹೊದಿಕೆ. ಅದರ ಕೆಳಗೆ ಏನಿದೆಯೆಂದು ಎತ್ತಿ ನೋಡಬೇಕು. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆಯ 2021-22ರ ವರದಿಯಂತೆ, 18ರಿಂದ 23 ವಯಸ್ಸಿನ ಜನಸಂಖ್ಯೆಯ ಪ್ರತಿ ಲಕ್ಷಕ್ಕೆ ದೇಶದಲ್ಲಿ 30 ಕಾಲೇಜುಗಳಿದ್ದರೆ ಕರ್ನಾಟಕದಲ್ಲಿ 66 ಇದ್ದವು. ಇದನ್ನು ಕೇಳಿ ಹೆಮ್ಮೆಪಡುವುದು ಸಹಜ. ಆದರೆ ಬೆಂಗಳೂರಿನ ಬೀದಿಯ ಕಾಲೇಜೂ ಭೀಮಾ ದಂಡೆಯ ಹಳ್ಳಿಗೆ ಇಪ್ಪತ್ತು ಮೈಲು ದೂರದ ಕಾಲೇಜೂ ಈ ಲೆಕ್ಕದಲ್ಲಿ ಒಂದೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ಕಲಬುರಗಿ ಜಿಲ್ಲೆಯದು 64.85, ಜಿಲ್ಲೆಯ ಹೆಣ್ಣುಮಕ್ಕಳದು 55.09 ಮಾತ್ರ. 2025ರ ಎಸ್.ಎಸ್.ಎಲ್.ಸಿ. ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಶೇಕಡಾ 91.12 ಪಡೆದು ಮೊದಲನೆಯದಾಯಿತು. ನಮ್ಮ ಜಿಲ್ಲೆ 42.43 ಪಡೆದು ಕೊನೆಯದಾಯಿತು. ಒಂದೇ ರಾಜ್ಯ, ಒಂದೇ ಪ್ರಶ್ನಪತ್ರಿಕೆ. ಫಲ ಮಾತ್ರ ಇಷ್ಟು ಭಿನ್ನ.

ಮೂರನೆಯದು, ವಿದ್ಯಾರ್ಥಿಯನ್ನು ಎಳೆದು ಹಿಂದೆ ನಿಲ್ಲಿಸುವ ಕಾರಣಗಳು ಹೆಚ್ಚಾಗಿ ತರಗತಿಯ ಹೊರಗಿವೆ. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೆಯ ಸುತ್ತು, ಓದು ನಿಲ್ಲಿಸಿದವರನ್ನು ಕಾರಣ ಕೇಳಿತು. ಗಂಡುಮಕ್ಕಳು ಹೇಳಿದ ಮುಖ್ಯ ಕಾರಣ ಸಂಪಾದನೆಯ ಕೆಲಸ; ಹೆಣ್ಣುಮಕ್ಕಳು ಹೇಳಿದುದು ಮನೆಗೆಲಸ. ಅಮೇರಿಕೆಯಲ್ಲಿಯೂ 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್‌ಮನ್ ಸುಮಾರು ಆರು ಲಕ್ಷ ವಿದ್ಯಾರ್ಥಿಗಳ ಸಮೀಕ್ಷೆ ನಡೆಸಿ ಇಂಥದೇ ನಿರ್ಣಯಕ್ಕೆ ಬಂದನು. ಶಾಲೆಯ ಕಟ್ಟಡ, ಪ್ರಯೋಗಶಾಲೆಗಳಿಗಿಂತ ಮನೆಯ ಪರಿಸ್ಥಿತಿಯೇ ಮಕ್ಕಳ ಕಲಿಕೆಯ ಮೇಲೆ ಹೆಚ್ಚು ಪರಿಣಾಮ ಬೀರುತ್ತದೆ ಎಂಬುದು ಅವನ ವರದಿಯ ಸಾರ.

ಈ ಮೂರನೆಯ ಸಂಗತಿಯನ್ನು ನಾನು ಪುಸ್ತಕದಿಂದಲೇ ಕಲಿಯಬೇಕಾಗಿರಲಿಲ್ಲ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಸೆಮಿಸ್ಟರ್ ಎಂದರೇನು, ಐಚ್ಛಿಕ ವಿಷಯವನ್ನು ಹೇಗೆ ಆರಿಸಬೇಕು, ವಿದ್ಯಾರ್ಥಿವೇತನಕ್ಕೆ ಯಾವ ದಿನದೊಳಗೆ ಅರ್ಜಿ ಹಾಕಬೇಕು ಎಂದು ಕೇಳಿದರೆ ಹೇಳುವವರು ಮನೆಯಲ್ಲಿಲ್ಲ. ಅಪ್ಪ-ಅವ್ವರ ಪ್ರೀತಿಗೆ ಕೊರತೆಯಿಲ್ಲ. ಅವರು ನಡೆಯದ ದಾರಿಯ ಗುರುತು ಅವರು ಹೇಗೆ ಹೇಳಿಯಾರು? ನನ್ನ ಸಹಪಾಠಿಗಳಲ್ಲಿ ಬಹು ಮಂದಿಯ ಸ್ಥಿತಿಯೂ ಇದೇ. ಇಂಥವರಿಗೆ ಬೇಕಾದ ನೆರವು ಹಣವೊಂದೇ ಅಲ್ಲ. ಕೇಳಿದಾಗ ದಾರಿ ಹೇಳುವ ಒಬ್ಬ ಹಿರಿಯರೂ ಬೇಕು.

ಹಾಗಾದರೆ ಸಮೀಕ್ಷೆಯಿಂದ ನಿಜವಾಗಿಯೂ ನೆರವು ದೊರೆತುದುಂಟೆ? ಉಂಟು. ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಸಾರಿತು. ಆ 39ರಲ್ಲಿ ನಮ್ಮ ಜೇವರ್ಗಿಯೂ ಸೇರಿದೆ. ಹಿಂದುಳಿದವರೆನಿಸಿಕೊಳ್ಳುವುದು ಯಾರಿಗೂ ಹಿತವಲ್ಲ. ಆದರೂ ‘ನಮಗೆ ಅನ್ಯಾಯವಾಗಿದೆ’ ಎಂಬ ಬಾಯಿಮಾತಿಗೆ ಆ ಅಂಕಿಗಳು ಆಧಾರ ಒದಗಿಸಿದವು. ಈ ಪ್ರದೇಶದ ಬಹುಕಾಲದ ಬೇಡಿಕೆಯಾಗಿದ್ದ 371(ಜೆ) ವಿಧಿಯು 2012ರ ಡಿಸೆಂಬರಿನಲ್ಲಿ ಸಂಸತ್ತಿನ ಒಪ್ಪಿಗೆ ಪಡೆಯಿತು. ಅದರಂತೆ ಈ ಭಾಗದ ವಿದ್ಯಾಸಂಸ್ಥೆಗಳಲ್ಲಿ ಶೇಕಡಾ 70ರಷ್ಟು ಸ್ಥಾನಗಳು ಇಲ್ಲಿಯವರಿಗೆ ಮೀಸಲಾದವು; ರಾಜ್ಯದ ಉಳಿದ ಕಡೆಯಲ್ಲಿ ಶೇಕಡಾ 8.

ಇನ್ನೊಂದು ಉದಾಹರಣೆ ತಟ್ಟೆಯದು. ಮಕ್ಕಳ ಅಪೌಷ್ಟಿಕತೆ ಮತ್ತು ರಕ್ತಹೀನತೆ ಈ ಭಾಗದಲ್ಲಿ ಹೆಚ್ಚೆಂದು ಆರೋಗ್ಯ ಸಮೀಕ್ಷೆ ತೋರಿಸಿದ ಮೇಲೆ, 2021ರ ಡಿಸೆಂಬರಿನಿಂದ ಕಲಬುರಗಿ, ಯಾದಗಿರಿ ಮೊದಲಾದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆಗೆ ಮೊಟ್ಟೆ ಕೊಡಲು ಆರಂಭಿಸಿದರು, ತಿನ್ನದವರಿಗೆ ಬಾಳೆಹಣ್ಣು. ಇದು ಬೇಕೆ, ಬೇಡವೆ ಎಂದು ನಾಡಿನಲ್ಲಿ ಬಿಸಿಬಿಸಿ ವಾದವೆದ್ದಿತು. ಆಗ ಗದುಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವು ಮೊಟ್ಟೆ ಪಡೆದ ಯಾದಗಿರಿಯ ಮಕ್ಕಳನ್ನೂ ಪಡೆಯದ ಗದುಗಿನ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿತು. ಯಾದಗಿರಿಯ ಮಕ್ಕಳ ಬೆಳವಣಿಗೆ ಹೆಚ್ಚೆಂದು ಕಂಡುಬಂದಿತು. 2022ರಲ್ಲಿ ಯೋಜನೆ ರಾಜ್ಯಕ್ಕೆಲ್ಲ ವಿಸ್ತರಿಸಿತು. ವಾದದಿಂದ ಬಗೆಹರಿಯದುದನ್ನು ತಕ್ಕಡಿ ಬಗೆಹರಿಸಿದಂತಾಯಿತು.

ಇನ್ನು ನಮ್ಮ ಕೈಗೇ ಬರುವ ಸಮೀಕ್ಷೆಯ ಮಾತು. ಕಾಲೇಜುಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಸಂಸ್ಥೆಯು 2017ರ ಪರಿಷ್ಕೃತ ಪದ್ಧತಿಯಲ್ಲಿ ‘ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆ’ಯನ್ನು ಸೇರಿಸಿತು. ಅದರ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳು. ಪಠ್ಯವನ್ನು ಎಷ್ಟು ಮುಗಿಸಿದರು, ಅಧ್ಯಾಪಕರು ಎಷ್ಟು ಸಿದ್ಧರಾಗಿ ಬರುತ್ತಾರೆ, ನಿಮ್ಮ ದುರ್ಬಲತೆಯನ್ನು ಗುರುತಿಸಿ ತಿದ್ದುತ್ತಾರೆಯೆ ಎಂಬಂಥ ಇಪ್ಪತ್ತಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕೊನೆಯದೊಂದು ಮಾತ್ರ ಬರೆದು ಉತ್ತರಿಸುವಂಥದು: ಕಲಿಕೆ ಉತ್ತಮವಾಗಲು ಮೂರು ಸಲಹೆ ಕೊಡಿರಿ. ವಿದ್ಯಾರ್ಥಿಯ ಮಾತಿಗೆ ಬೆಲೆ ಕೊಟ್ಟ ಈ ಕ್ರಮ ಶ್ಲಾಘನೀಯವೇ ಸರಿ. ಆದರೆ ಇಂಥ ಪತ್ರ ಬಂದಾಗ ಸಾಮಾನ್ಯವಾಗಿ ನಡೆಯುವುದೇನು? ಮೇಲಿನಿಂದ ಕೆಳಗಿನವರೆಗೆ ‘ಬಹಳ ಉತ್ತಮ’ ಎಂದು ಗುರುತು ಹಾಕಿ, ಕೊನೆಯ ಪ್ರಶ್ನೆಗೆ ಗೆರೆಯೆಳೆದು ಮುಗಿಸುವವರುಂಟು. ಕೆಲವರಿಗೆ ಸಂಕೋಚ, ಕೆಲವರಿಗೆ ಭಯ, ಕೆಲವರಿಗೆ ‘ಹೇಳಿ ಏನಾದೀತು’ ಎಂಬ ಉದಾಸೀನ. ಗುರುಗಳ ಮೇಲಿನ ಗೌರವಕ್ಕೂ ಸತ್ಯವಾದ ಉತ್ತರಕ್ಕೂ ವಿರೋಧವಿಲ್ಲವೆಂದು ನನ್ನ ನಂಬುಗೆ. ವೈದ್ಯನ ಮೇಲಿನ ಗೌರವಕ್ಕಾಗಿ ನೋವನ್ನು ಮುಚ್ಚಿಡುವ ರೋಗಿಗೆ ಔಷಧ ದೊರೆಯುವುದಾದರೂ ಹೇಗೆ?

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಾಲೇಜಿನೊಳಗೆ ನಡೆಯುವ ಸಮೀಕ್ಷೆಗೆ ಉತ್ತರಿಸುವವರು ಕಾಲೇಜಿನಲ್ಲಿ ಉಳಿದವರು. ಅವರು ಚೀಲದ ಬಾಯಿಯ ಕಾಳು. ಮೊದಲ ವರ್ಷ ನಮ್ಮೊಡನೆ ಕುಳಿತು, ಮದುವೆಯಾಗಿ ಹೋದ ಹುಡುಗಿ, ಪುಣೆ-ಮುಂಬಯಿಗೆ ಕೂಲಿಗೆ ಹೋದ ಹುಡುಗ ಆ ಹಿಡಿಯಲ್ಲಿ ಬರುವುದೇ ಇಲ್ಲ. ಊರಿನಲ್ಲಿ ‘ಮಗಳು ಸಾಲಿಗಿ ಹೋಗ್ತಾಳೇನವ್ವ?’ ಎಂದು ಕೇಳಿದರೆ, ‘ಹೆಸರು ಸಾಲ್ಯಾಗ ಅದ ರೀ, ಹುಡುಗಿ ಹತ್ತಿ ಬಿಡಿಸ್ಲಿಕ್ಕ ಹೋಗ್ಯಾಳ’ ಎಂಬ ಉತ್ತರ ಬರುವುದುಂಟು. ದಾಖಲೆ ಪುಸ್ತಕಕ್ಕೆ ಈ ಉತ್ತರದ ಮೊದಲರ್ಧ ಮಾತ್ರ ಸೇರುತ್ತದೆ. ಉಳಿದರ್ಧದಲ್ಲಿಯೇ ನಮ್ಮ ತಾಲ್ಲೂಕಿನ ಶಿಕ್ಷಣದ ನಿಜವಾದ ಸಮಸ್ಯೆ ಅಡಗಿದೆ.

ಆದುದರಿಂದ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ವರ್ಷಕ್ಕೊಮ್ಮೆ, ಕಾಲೇಜು ಬಿಟ್ಟವರ ಹೆಸರುಗಳನ್ನು ಹಾಜರಿ ಪುಸ್ತಕದಿಂದ ತೆಗೆದು, ಆಯಾ ಊರಿನ ಸಹಪಾಠಿಗಳು ಅವರ ಮನೆಗೆ ಹೋಗಿ ಏಕೆ ಬಿಟ್ಟರೆಂದು ಕೇಳಿ ಬರಬೇಕು. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೊಂದಿಲ್ಲ. ಪ್ರಶ್ನೆಗಳು ಕನ್ನಡದಲ್ಲಿರಬೇಕು, ಹೆಸರು ಬರೆಯುವ ಕಡ್ಡಾಯವಿರಬಾರದು. ಹತ್ತಿ ಬಿಡಿಸುವ, ತೊಗರಿ ರಾಶಿಯ ತಿಂಗಳುಗಳ ಹಾಜರಿಯನ್ನು ಬೇರೆಯಾಗಿ ನೋಡಬೇಕು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಯಡ್ರಾಮಿ, ಇಜೇರಿ, ನೆಲೋಗಿಗಳ ಕಡೆಯಿಂದ ಬರುವ ವಿದ್ಯಾರ್ಥಿನಿಯರ ಹಾಜರಿ ಅದರಿಂದ ಹೆಚ್ಚಿತೆ ಎಂಬುದನ್ನು ನಾವೇ ಎಣಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಸಮೀಕ್ಷೆಯ ಫಲವನ್ನು ಉತ್ತರ ಕೊಟ್ಟವರ ಮುಂದೆ ಓದಬೇಕು. ತನ್ನ ಮಾತು ಎಲ್ಲಿ ತಲುಪಿತೆಂದು ತಿಳಿದವನು ಮುಂದಿನ ಸಲ ಮನಸ್ಸಿಟ್ಟು ಉತ್ತರಿಸುವನು.

ಸಹಪಾಠಿಗಳೇ, ಈ ವರ್ಷ ನಾವು ಕಾಲೇಜನ್ನು ಬಿಟ್ಟು ಹೋಗುವವರು. ನಾವು ಬರೆಯುವ ಉತ್ತರದಿಂದ ನಮಗೆ ಲಾಭವಾಗಲಿಕ್ಕಿಲ್ಲ. ಆದರೆ ಮುಂದಿನ ಜೂನಿನಲ್ಲಿ ಯಾವುದೋ ಹಳ್ಳಿಯಿಂದ, ತನ್ನ ಮನೆಯಲ್ಲಿ ಮೊದಲನೆಯವಳಾಗಿ, ಒಬ್ಬ ತಂಗಿ ಈ ಬಾಗಿಲಿಗೆ ಬರುವಳು. ಅವಳಿಗೆ ಏನು ಬೇಕೆಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಪ್ರಶ್ನಾವಳಿ ಕೈಗೆ ಬಂದಾಗ ಅವಳನ್ನು ನೆನೆದು, ಆ ಕೊನೆಯ ಪ್ರಶ್ನೆಗೆ ಮೂರು ಸಾಲು ನಿಜವನ್ನು ಬರೆಯೋಣ.